ಯುದ್ಧದಾಟದ ಕಿರುಗೊಂಬೆಗಳ ರೂಪಾಂತರ ಮತ್ತು ವರ್ಣಲೇಪನ

ಯುದ್ಧದಾಟದ ಕಿರುಗೊಂಬೆಗಳ ರೂಪಾಂತರ ಮತ್ತು ವರ್ಣಲೇಪನ ಎಂಬುದು ಮೇಜಿನ ಮೇಲೆ ಆಡುವ ಸಮರಕ್ರೀಡೆಗಳಲ್ಲಿ ಬಳಸುವ ಸಣ್ಣ ಪ್ರತಿಮೆಗಳನ್ನು ಕತ್ತರಿಸಿ, ಜೋಡಿಸಿ, ಮೆತ್ತಿ, ಬಣ್ಣ ಹಚ್ಚಿ ಹೊಸ ರೂಪಕ್ಕೆ ತರುವ ಹವ್ಯಾಸವಾಗಿದೆ. ಇದರ ವೈಜ್ಞಾನಿಕ ಕಲ್ಪಿತ ಶಾಖೆಯಲ್ಲಿ ಬಾಹ್ಯಾಕಾಶ ಯೋಧರು, ಯಂತ್ರಮಾನವರು, ಅನ್ಯಗ್ರಹ ಜೀವಿಗಳು ಹಾಗೂ ಅವರ ವಾಹನಗಳು ಬರುತ್ತವೆ. ಆಟದ ನಿಯಮಗಳನ್ನು ಕಲಿಯಲು ಕೆಲವು ಸಂಜೆಗಳು ಸಾಕು. ಒಂದು ಸೈನ್ಯವನ್ನು ಸಿದ್ಧಪಡಿಸಲು ಅನೇಕ ತಿಂಗಳು ಬೇಕಾಗುತ್ತದೆ. ಆದ್ದರಿಂದ ಹಲವು ಹವ್ಯಾಸಿಗಳಿಗೆ ಗೊಂಬೆಯ ಕೆಲಸವೇ ಪ್ರಧಾನ, ಆಟ ಅದಕ್ಕೊಂದು ನೆಪ.

ಹಿನ್ನೆಲೆ

ಸೈನ್ಯವನ್ನು ಹಲಗೆಯ ಮೇಲೆ ನಡೆಸುವ ಕಲ್ಪನೆ ಭಾರತೀಯರಿಗೆ ಹೊಸದಲ್ಲ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಅಂಗಗಳಿಂದಲೇ ಚತುರಂಗಕ್ಕೆ ಆ ಹೆಸರು ಬಂದಿತು. ಆದರೆ ಅಲ್ಲಿ ಚೌಕಗಳಿವೆ. ಇಲ್ಲಿ ಚೌಕಗಳಿಲ್ಲ, ಅಳತೆಪಟ್ಟಿಯಿಂದ ದೂರವನ್ನು ಅಳೆದು ಗೊಂಬೆಗಳನ್ನು ಸರಿಸುತ್ತಾರೆ. ಈ ಪದ್ಧತಿಯ ಮೂಲ 19ನೆಯ ಶತಮಾನದ ಪ್ರಷ್ಯಾದ ಸೇನಾ ತರಬೇತಿಯಲ್ಲಿದೆ. ರೈಸ್ವಿಟ್ಸ್ ಎಂಬ ಅಧಿಕಾರಿ 1824ರಲ್ಲಿ ಪ್ರಕಟಿಸಿದ 'ಕ್ರೀಗ್ಸ್‌ಸ್ಪೀಲ್' ನಿಯಮಗಳಲ್ಲಿ ನಕಾಶೆಯ ಮೇಲೆ ಸಣ್ಣ ತುಂಡುಗಳನ್ನಿಟ್ಟು ಯುದ್ಧವನ್ನು ಅಭ್ಯಸಿಸಲಾಗುತ್ತಿತ್ತು. ಬ್ರಿಟನ್ನಿನಲ್ಲಿ ವಿಲಿಯಂ ಬ್ರಿಟನ್ ಸಂಸ್ಥೆಯು 1893ರಿಂದ ಒಳಗೆ ಪೊಳ್ಳಾಗಿರುವ ಸೀಸದ ಸೈನಿಕರನ್ನು ಅಗ್ಗವಾಗಿ ಎರಕಹೊಯ್ದು ಮಾರತೊಡಗಿದ ಮೇಲೆ ಗೊಂಬೆಗಳು ಸಾಮಾನ್ಯರ ಮನೆಗಳಿಗೂ ತಲುಪಿದವು. ಅವುಗಳಿಂದ ಆಡುವ ನಿಯಮಗಳನ್ನು ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟ್ಲ್ ವಾರ್ಸ್' ಎಂಬ ಪುಸ್ತಕವಾಗಿ ಬರೆದರು. ಮಂಗಳ ಗ್ರಹದವರು ಭೂಮಿಗೆ ಮುತ್ತಿಗೆ ಹಾಕುವ ಕಾದಂಬರಿಯನ್ನು ಬರೆದವರೂ ಇವರೇ. ಆದರೂ ವೈಜ್ಞಾನಿಕ ಕಲ್ಪನೆ ಮತ್ತು ಗೊಂಬೆಯಾಟ ಇವೆರಡೂ ಜನಪ್ರಿಯವಾಗಿ ಕೂಡಿಕೊಳ್ಳಲು ಇನ್ನೂ ಹಲವು ದಶಕಗಳು ಬೇಕಾದವು.

1975ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆಯು 1983ರಲ್ಲಿ 'ವಾರ್‌ಹ್ಯಾಮರ್' ಆಟವನ್ನೂ, 1987ರಲ್ಲಿ ರಿಕ್ ಪ್ರೀಸ್ಟ್ಲಿ ರಚಿಸಿದ 'ವಾರ್‌ಹ್ಯಾಮರ್ 40,000: ರೋಗ್ ಟ್ರೇಡರ್' ಎಂಬ ಭವಿಷ್ಯಕಾಲದ ಆಟವನ್ನೂ ಹೊರತಂದಿತು. ಆರಂಭದಲ್ಲಿ ಪುಸ್ತಕದಲ್ಲಿ ವರ್ಣಿತವಾಗಿದ್ದ ವಾಹನಗಳಲ್ಲಿ ಹೆಚ್ಚಿನವು ಅಂಗಡಿಯಲ್ಲಿ ದೊರೆಯುತ್ತಿರಲಿಲ್ಲ. ಹೀಗಾಗಿ ಖಾಲಿ ಡಿಯೋಡರೆಂಟ್ ಡಬ್ಬಿಯಿಂದ ತೇಲುವ ಟ್ಯಾಂಕನ್ನು ಕಟ್ಟುವ ವಿಧಾನವನ್ನು ಆ ಕಾಲದ ಪ್ರಕಟಣೆಗಳೇ ಓದುಗರಿಗೆ ಕಲಿಸಿದವು. ರೂಪಾಂತರವು ಕೊರತೆಯಿಂದ ಹುಟ್ಟಿದ ಕಲೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅದೇ ಆಟದ ಓರ್ಕ್ ಎಂಬ ಹಸಿರು ಜೀವಿಗಳು ಕಂಡವರ ಯಂತ್ರಗಳನ್ನು ಕದ್ದು ತಗಡು ಬಡಿದು ತಮ್ಮದಾಗಿಸಿಕೊಳ್ಳುವವರೆಂದು ಕಥೆಯಲ್ಲಿಯೇ ಇರುವುದರಿಂದ, ಗುಜರಿ ಸಾಮಾನುಗಳಿಂದ ಕಟ್ಟುವವರಿಗೆ ಆ ಸೈನ್ಯ ಇಂದಿಗೂ ಅಚ್ಚುಮೆಚ್ಚು.

ಅಳತೆ ಮತ್ತು ವಸ್ತು

ಈ ಆಟಗಳಲ್ಲಿ ಬಹಳವಾಗಿ ರೂಢಿಯಲ್ಲಿರುವ ಅಳತೆ 28 ಮಿ.ಮೀ. ಸಾಧಾರಣ ಮನುಷ್ಯನ ಗೊಂಬೆಯ ಅಂಗಾಲಿನಿಂದ ಕಣ್ಣಿನವರೆಗಿನ ಎತ್ತರ ಸುಮಾರು ಅಷ್ಟಿರುತ್ತದೆ. ತಲೆ, ಕೈ ಮತ್ತು ಆಯುಧಗಳನ್ನು ಬೇಕೆಂದೇ ದೊಡ್ಡದಾಗಿ ಮಾಡಿರುತ್ತಾರೆ. ಇಲ್ಲವಾದರೆ ಒಂದು ಮಾರು ದೂರದಿಂದ ಅವು ಕಾಣುವುದಿಲ್ಲ. ಹಳೆಯ ಗೊಂಬೆಗಳು ತವರ ಮತ್ತು ಸೀಸದ ಮಿಶ್ರಲೋಹದವು. 1990ರ ದಶಕದಲ್ಲಿ ಪ್ರಮುಖ ತಯಾರಕರು ಸೀಸವನ್ನು ಕೈಬಿಟ್ಟರು. ಈಗಿನವು ಹೆಚ್ಚಾಗಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಅಥವಾ ರಾಳದಿಂದ ತಯಾರಾಗುತ್ತವೆ.

ರೂಪಾಂತರ

ಅತ್ಯಂತ ಸರಳವಾದುದು ತಲೆಯ ಬದಲಾವಣೆ. ಒಂದು ಪೆಟ್ಟಿಗೆಯ ದೇಹಕ್ಕೆ ಮತ್ತೊಂದರ ತಲೆಯನ್ನು ಕೂರಿಸಿ, ಕತ್ತನ್ನು ಸ್ವಲ್ಪ ತಿರುಗಿಸಿದರೂ ಸಾಕು, ಯೋಧನ ಭಾವವೇ ಬದಲಾಗುತ್ತದೆ. ಮುಂದಿನ ಹಂತದಲ್ಲಿ ಆಯುಧ, ಕೈಕಾಲುಗಳ ಬದಲಾವಣೆ. ಆಮೇಲೆ ಹಲವು ಪೆಟ್ಟಿಗೆಗಳ ಭಾಗಗಳನ್ನು ಬೆರೆಸುವ ಕಿಟ್‌ಬ್ಯಾಷಿಂಗ್. ಕೊನೆಗೆ ಪ್ಲಾಸ್ಟಿಕ್ ಹಾಳೆ, ತಂತಿ, ಅಂಟುಮಣ್ಣುಗಳಿಂದ ಎಲ್ಲವನ್ನೂ ಸ್ವಂತವಾಗಿ ಕಟ್ಟುವುದು. ಪ್ಲಾಸ್ಟಿಕ್ ಅಂಟು ಎರಡು ಮೈಗಳನ್ನೂ ಕರಗಿಸಿ ಬೆಸೆಯುವುದರಿಂದ ಕೀಲು ಭದ್ರವಾಗುತ್ತದೆ. ಲೋಹ ಮತ್ತು ರಾಳಕ್ಕೆ ಈ ಅಂಟು ಹಿಡಿಯದು. ಅಲ್ಲಿ ಶೀಘ್ರ ಅಂಟು ಬೇಕು, ಭಾರವಾದ ಭಾಗವಿದ್ದರೆ ಎರಡೂ ಕಡೆ ಕೈಬೈರಿಗೆಯಿಂದ 1 ಮಿ.ಮೀ. ತೂತು ಕೊರೆದು ತಂತಿಯ ಮೊಳೆಯನ್ನು ಒಳಗಿಡಬೇಕು. ಕಾಗದದ ಕ್ಲಿಪ್ಪನ್ನು ತುಂಡರಿಸಿದರೂ ನಡೆಯುತ್ತದೆ.

ಸಂದುಗಳನ್ನು ಮುಚ್ಚಲು, ಬಟ್ಟೆ, ರೋಮ, ಕೊಳವೆಗಳನ್ನು ರೂಪಿಸಲು ಎರಡು ಭಾಗಗಳನ್ನು ಕಲಸಿ ಬಳಸುವ ಎಪಾಕ್ಸಿ ಅಂಟುಮಣ್ಣನ್ನು ಉಪಯೋಗಿಸುತ್ತಾರೆ. ನೀಲಿ ಮತ್ತು ಹಳದಿ ಪಟ್ಟಿಗಳನ್ನು ಕಲಸಿದಾಗ ಹಸಿರಾಗುವ ಮಣ್ಣು ಪಾಶ್ಚಾತ್ಯ ಹವ್ಯಾಸಿಗಳಲ್ಲಿ ಪ್ರಸಿದ್ಧ. ಒಣಗಿದ ಮೇಲೂ ಅದು ಸ್ವಲ್ಪ ಬಾಗುತ್ತದೆ. ಆ ಕಾರಣಕ್ಕೆ ಮೇಲಂಗಿ, ಪಟ್ಟಿಗಳಿಗೆ ಒಳ್ಳೆಯದು, ಚೂಪಾದ ಅಂಚಿಗೆ ಅಷ್ಟು ಒಳ್ಳೆಯದಲ್ಲ. ಸಲಕರಣೆಗೆ ನೀರು ಹಚ್ಚಿಕೊಳ್ಳದಿದ್ದರೆ ಮಣ್ಣು ಗೊಂಬೆಯನ್ನು ಬಿಟ್ಟು ಸಲಕರಣೆಗೇ ಅಂಟುತ್ತದೆ.

ಆಟಕ್ಕಾಗಿ ಮಾಡುವ ರೂಪಾಂತರಕ್ಕೆ ಒಂದು ಮಿತಿಯಿದೆ. ಗೊಂಬೆಯ ಕೈಯಲ್ಲಿ ಕಾಣುವ ಆಯುಧವೇ ಅದರ ಆಯುಧ ಎಂಬುದು ರೂಢಿಗತ ನಿಯಮ. ಎದುರಾಳಿಯು ನೋಡಿದೊಡನೆ ಗುರುತಿಸಲಾಗದಂತೆ ಬದಲಾಯಿಸಿದರೆ ಅದು ಎಷ್ಟು ಸುಂದರವಾಗಿದ್ದರೂ ಆಟಕ್ಕೆ ತೊಡಕು. ಪೀಠದ ಅಳತೆಯನ್ನೂ ಬದಲಾಯಿಸಬಾರದು. ದೂರವನ್ನು ಸಾಮಾನ್ಯವಾಗಿ ಪೀಠದ ಅಂಚಿನಿಂದಲೇ ಅಳೆಯುವುದರಿಂದ ದೊಡ್ಡ ಪೀಠವು ಅನ್ಯಾಯದ ಲಾಭಕ್ಕೋ ನಷ್ಟಕ್ಕೋ ಎಡೆಮಾಡುತ್ತದೆ.

ವರ್ಣಲೇಪನ

ಸೂರ್ಯನ ಬೆಳಕು ನಿಜವಾದ ದೇಹದ ಮೇಲೆ ಮೂಡಿಸುವ ನೆರಳನ್ನು ಎರಡು ಬೆರಳೆತ್ತರದ ಗೊಂಬೆಯ ಮೇಲೆ ಅಷ್ಟು ಸ್ಪಷ್ಟವಾಗಿ ಮೂಡಿಸಲಾರದು. ಒಂದೇ ಬಣ್ಣವನ್ನು ಸಮನಾಗಿ ಬಳಿದ ಗೊಂಬೆಯು ದೂರದಿಂದ ಕೇವಲ ಒಂದು ಉಂಡೆಯಾಗಿ ಕಾಣುತ್ತದೆ. ಆದಕಾರಣ ನೆರಳು, ಬೆಳಕು ಎರಡನ್ನೂ ಕುಂಚದಿಂದಲೇ ಬರೆಯಬೇಕಾಗುತ್ತದೆ. ಯಕ್ಷಗಾನದ ಬಣ್ಣದ ವೇಷವನ್ನು ಚೌಕಿಯಲ್ಲಿ ಹತ್ತಿರದಿಂದ ನೋಡಿದವರಿಗೆ ಅದರ ರೇಖೆಗಳು, ಚಿಟ್ಟಿಗಳು ಅತಿಯಾದವೆಂದು ತೋರುತ್ತವೆ. ರಂಗಸ್ಥಳದಲ್ಲಿ ನಿಂತಾಗ ಅವುಗಳಿಂದಲೇ ಮುಖ ಜೀವಂತವಾಗುತ್ತದೆ. ಕಿರುಗೊಂಬೆಯ ವರ್ಣತತ್ತ್ವವೂ ಇದೇ.

ಮೊದಲು ಗೊಂಬೆಯನ್ನು ಸಾಬೂನು ನೀರಿನಲ್ಲಿ ತೊಳೆದು ಎರಕದ ಗೆರೆಗಳನ್ನು ಹೆರೆಯಬೇಕು. ಬಳಿಕ ಪ್ರೈಮರ್, ಇಡೀ ಗೊಂಬೆಗೆ ಕಪ್ಪು ಸಿಂಪಡಿಸಿ ಮೇಲ್ಗಡೆಯಿಂದ ಮಾತ್ರ ಬಿಳಿಯನ್ನು ಸಿಂಪಡಿಸಿದರೆ ಬೆಳಕು ಎಲ್ಲಿ ಬೀಳಬೇಕೆಂಬ ನಕ್ಷೆ ತಾನಾಗಿ ಸಿಗುತ್ತದೆ. ಮೂಲ ಬಣ್ಣವನ್ನು ನೀರಿನಿಂದ ತೆಳ್ಳಗೆ ಮಾಡಿ ಎರಡು ಲೇಪ ಕೊಡಬೇಕು. ಒಂದೇ ದಪ್ಪ ಲೇಪ ಕೊಟ್ಟರೆ ಕೆತ್ತನೆಯ ಸೂಕ್ಷ್ಮಗಳು ಮುಚ್ಚಿಹೋಗುತ್ತವೆ, ಹೊಸಬರ ಕೆಲಸ ಕೆಡುವುದು ಬಹುತೇಕ ಇಲ್ಲಿಯೇ. ತರುವಾಯ ಕಡುಬಣ್ಣದ ನೀರನ್ನು ಹರಿಯಬಿಟ್ಟರೆ ಅದು ತಗ್ಗುಗಳಲ್ಲಿ ನಿಂತು ನೆರಳಾಗುತ್ತದೆ. ಬಹುತೇಕ ಬಣ್ಣವನ್ನು ಒರೆಸಿದ ಒಣ ಕುಂಚವನ್ನು ಮೈಮೇಲೆ ಆಡಿಸಿದರೆ ಉಬ್ಬುಗಳು ಬೆಳಗುತ್ತವೆ. ಭವಿಷ್ಯದ ಯೋಧರಿಗೆ ವಿಶೇಷವಾದ ಕೆಲಸಗಳೂ ಇವೆ: ಸ್ಪಂಜಿನ ಚೂರಿನಿಂದ ಕವಚದ ಮೇಲೆ ಬಣ್ಣ ಎದ್ದ ಗುರುತುಗಳನ್ನು ಒತ್ತುವುದು, ಆಯುಧದ ಕಿಡಿಬೆಳಕು ಪಕ್ಕದ ಭುಜ, ಕೆನ್ನೆಗಳ ಮೇಲೆ ಬಿದ್ದಂತೆ ತೋರಿಸುವುದು. ಕೊನೆಯಲ್ಲಿ ಹೊಳಪಿಲ್ಲದ ವಾರ್ನಿಷ್ ಬಳಿಯದಿದ್ದರೆ ಆಟದ ಬೆರಳುಗಳು ಕೆಲವೇ ದಿನಗಳಲ್ಲಿ ಅಂಚಿನ ಬಣ್ಣವನ್ನು ಸವೆಸುತ್ತವೆ.

ಬಣ್ಣಕ್ಕೆ ಆಟದಲ್ಲಿಯೂ ಬೆಲೆ ಬಂದಿದೆ. 'ವಾರ್‌ಹ್ಯಾಮರ್ 40,000'ರ 2020ರ ಒಂಬತ್ತನೆಯ ಆವೃತ್ತಿಯಲ್ಲಿ ಪೂರ್ಣ ಬಣ್ಣ ಹಚ್ಚಿದ ಸೈನ್ಯಕ್ಕೆ ನೂರು ಅಂಕಗಳಲ್ಲಿ 10 ಅಂಕ ಮೀಸಲಾಯಿತು. ಬಣ್ಣ ಬರೆಯಲು ಸಮಯವಾಗಲಿ ಕೈಕಸುಬಾಗಲಿ ಇಲ್ಲದವನು ಆಟ ತೊಡಗುವ ಮುನ್ನವೇ ಹಿಂದೆ ಬೀಳಬೇಕೆ ಎಂಬ ಆಕ್ಷೇಪದಲ್ಲಿ ಹುರುಳಿದೆ.

ಕಿನ್ನಾಳದ ಸಾಮ್ಯ

ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಗೊಂಬೆಯ ಭಾಗಗಳನ್ನು ಕೆತ್ತಿ ಜೋಡಿಸುತ್ತಾರೆ. ಕೀಲುಗಳನ್ನು ಹುಣಸೆಬೀಜದ ಅಂಟು ಬೆರೆಸಿದ ಮೆತ್ತಿಗೆಯಿಂದ ಮುಚ್ಚುತ್ತಾರೆ, ಕಲ್ಲಿನ ಪುಡಿಯ ಸರಿಯಿಂದ ಆಭರಣಗಳನ್ನು ಉಬ್ಬಿಸುತ್ತಾರೆ, ಬಿಳಿಯ ತಳಲೇಪದ ಮೇಲೆ ಬಣ್ಣ ಹಚ್ಚುತ್ತಾರೆ. ಜೋಡಣೆ, ಮೆತ್ತಿಗೆ, ತಳಲೇಪ, ವರ್ಣ ಎಂಬ ಕ್ರಮವು ಕಿರುಗೊಂಬೆಯ ಕೆಲಸದ ಕ್ರಮವೇ ಆಗಿದೆ. ಎರಡಕ್ಕೂ ಚಾರಿತ್ರಿಕ ನಂಟು ಇಲ್ಲ. ಆದರೆ ಕನ್ನಡ ನಾಡಿನ ಹವ್ಯಾಸಿಯು ಈ ವಿದ್ಯೆಯನ್ನು ಪೂರ್ತಿ ಪರದೇಶದ್ದೆಂದು ಭಾವಿಸಬೇಕಾಗಿಲ್ಲ.

ಸ್ಥಳೀಯ ಸಾಮಗ್ರಿಗಳು

ಆಮದಾದ ಪೆಟ್ಟಿಗೆಗಳು ದುಬಾರಿ. ಆದರೆ ಗೊಂಬೆಯೊಂದನ್ನು ಬಿಟ್ಟರೆ ಉಳಿದುದೆಲ್ಲವನ್ನೂ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಂತಹ ತಾಲ್ಲೂಕು ಕೇಂದ್ರಗಳಲ್ಲಿಯೇ ಹೊಂದಿಸಿಕೊಳ್ಳಬಹುದು. ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಕೂಡ ಕಲಸಿ ಬಳಸುವ ಎಪಾಕ್ಸಿ ಮಣ್ಣೇ. ಅದು ಬೇಗ ಗಟ್ಟಿಯಾಗುತ್ತದೆ, ಒಣಗಿದ ಮೇಲೆ ಬಾಗದೆ ಮುರಿಯುತ್ತದೆ. ಕವಚ, ಬಂಡೆ, ಯಂತ್ರಭಾಗಗಳಿಗೆ ಮಾತ್ರ ಯೋಗ್ಯ, ತೆಳು ಭಾಗಗಳಿಗೆ ಒಳಗೆ ತಂತಿ ಇಡಬೇಕು. ಫೆವಿಕ್ರಿಲ್, ಕ್ಯಾಮ್ಲಿನ್ ಅಕ್ರಿಲಿಕ್ ಬಣ್ಣಗಳು ಹವ್ಯಾಸದ ವಿಶೇಷ ಬಣ್ಣಗಳಿಗಿಂತ ದಪ್ಪ, ಆದರೆ ತಾಳ್ಮೆಯಿಂದ ತೆಳುವಾಗಿಸಿ ಮೂರು ಲೇಪ ಕೊಟ್ಟರೆ ಕೆಲಸಕ್ಕೆ ಬರುತ್ತವೆ. ಗಣಪತಿಯ ಜೇಡಿಮಣ್ಣು ಒಣಗಿ ಬಿರುಕು ಬಿಡುವುದರಿಂದ ಸಣ್ಣ ಭಾಗಗಳಿಗೆ ಬೇಡ.

ಪೀಠ ಮತ್ತು ರಣಭೂಮಿಗಂತೂ ಕೊಳ್ಳುವ ಅಗತ್ಯವೇ ಇಲ್ಲ. ಹೊನ್ನಾಳಿಯ ತುಂಗಭದ್ರೆಯ ಮರಳನ್ನು ಜರಡಿ ಹಿಡಿದರೆ ಪೀಠದ ನೆಲ ಸಿದ್ಧ. ಚನ್ನಗಿರಿ ಅಡಿಕೆಯ ಸೀಮೆ; ಒಣ ಹಾಳೆಯ ಚೂರುಗಳು ಕುಸಿದ ಗೋಡೆಗೂ ಅನ್ಯಗ್ರಹದ ತೊಗಟೆಗೂ ಒದಗುತ್ತವೆ. ಮಳೆ ಕಡಿಮೆಯಿರುವ ಜಗಳೂರು ಸೀಮೆಯ ಕುರುಚಲು, ಬಂಡೆ, ಕೆಮ್ಮಣ್ಣಿನ ಬಣ್ಣಗಳನ್ನು ನೋಡಿ ಬರೆದ ಮರುಭೂಮಿಯ ಗ್ರಹವು ಪೆಟ್ಟಿಗೆಯ ಚಿತ್ರವನ್ನು ನಕಲು ಮಾಡಿದ್ದಕ್ಕಿಂತ ಸಹಜವಾಗಿರುತ್ತದೆ.

ಎಚ್ಚರಿಕೆ

ಹಳೆಯ ಲೋಹದ ಗೊಂಬೆಯನ್ನು ಉಜ್ಜಿದ ಮೇಲೆ ಕೈತೊಳೆಯದೆ ಊಟ ಮಾಡಬಾರದು. ಸೀಸದ ಪುಡಿ ಮಕ್ಕಳಿಗೆ ವಿಶೇಷವಾಗಿ ಅಪಾಯಕಾರಿ. ರಾಳವನ್ನು ಒಣದಾಗಿ ಉಜ್ಜದೆ ನೀರಿನಲ್ಲಿ ಅದ್ದಿ ಉಜ್ಜಬೇಕು, ಮುಖಗವಸು ಧರಿಸಬೇಕು. ಕುಂಚದ ತುದಿಯನ್ನು ನಾಲಿಗೆಯಿಂದ ಚೂಪುಮಾಡುವ ಅಭ್ಯಾಸ ಬಹಳ ಮಂದಿಗಿದೆ. ಒದ್ದೆ ಬಟ್ಟೆ ಅದೇ ಕೆಲಸ ಮಾಡುತ್ತದೆ. ಎಪಾಕ್ಸಿಯನ್ನು ಬರಿಗೈಯಲ್ಲಿ ಕಲಸಿದರೆ ಕೆಲವರ ಚರ್ಮ ಕೆರೆದು ಕೆಂಪಾಗುವುದುಂಟು. ಚಾಕುವನ್ನು ಸದಾ ಹೆಬ್ಬೆರಳಿನಿಂದ ಆಚೆಗೆ ಎಳೆಯಬೇಕು.