ನಿಯತ್ತು ಯಾರಿಗೆ?

ಪ್ರಬಂಧ ಸ್ಪರ್ಧೆಗೆ, ನಡತೆ ಪ್ರಮಾಣಪತ್ರಕ್ಕೆ ‘ಪ್ರಾಮಾಣಿಕತೆ’ ಸರಿಹೋಗುತ್ತದೆ. ಜಗಳಕ್ಕೆ ನಿಂತವರು ಮಾತ್ರ ಅದನ್ನು ಬಾಯಿಗೆ ತರುವುದಿಲ್ಲ. ‘ನಿಯತ್ತಿಲ್ಲದವನು’ ಅಂದರೆ ಸಾಕು, ಎದುರಿನವನಿಗೆ ಮೈಯೆಲ್ಲ ಉರಿಯುತ್ತದೆ.

‘ನಿಯತ್ತು’ ಪದದ ಹುಟ್ಟು ಅರಬ್ಬಿ. ಅಲ್ಲಿ ಅದಕ್ಕೆ ಸಂಕಲ್ಪ, ಉದ್ದೇಶ ಎಂಬ ಅರ್ಥ. ರಂಜಾನಿನಲ್ಲಿ ರೋಜಾ ಹಿಡಿಯುವವರು ಮೊದಲು ಮನಸ್ಸಿನಲ್ಲಿ ನಿಯ್ಯತ್ ಮಾಡಿಕೊಳ್ಳುತ್ತಾರೆ. ಅದಿಲ್ಲದೆ ದಿನವಿಡೀ ಹಸಿದಿದ್ದರೂ ರೋಜಾ ಅನ್ನಿಸಿಕೊಳ್ಳದು. ಉರ್ದು, ಹಿಂದಿಯವರ ನೀಯತ್ ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ಕನ್ನಡದವರು ‘ಕೆಟ್ಟ ನಿಯತ್ತು’ ಅನ್ನುವುದಿಲ್ಲ. ಇದ್ದರೆ ಒಳ್ಳೆಯದೇ, ಇಲ್ಲದಿದ್ದರೆ ಇಲ್ಲ. ಮನಸ್ಸಿನೊಳಗಿನ ಸಂಕಲ್ಪ ನಮ್ಮಲ್ಲಿಗೆ ಬಂದು ನಡತೆಯಾಯಿತು: ನಿಯತ್ತಾಗಿ ದುಡಿ, ನಿಯತ್ತಿನ ದುಡ್ಡು.

ತೊಡಕು ಶುರುವಾಗುವುದು ‘ನಾಯಿಗಿರೋ ನಿಯತ್ತು’ ಎನ್ನುವಲ್ಲಿ. ನಾಯಿ ಅನ್ನ ಹಾಕಿದವನ ಬಾಗಿಲು ಕಾಯುತ್ತದೆ. ಅವನು ಕಳ್ಳನೋ ಸಾಚಾನೋ ವಿಚಾರಿಸುವುದಿಲ್ಲ. ದಿನಸಿ ಅಂಗಡಿಯೊಂದನ್ನು ನೆನೆಸಿಕೊಳ್ಳಿ. ಗಲ್ಲಾದಲ್ಲಿ ಕೂತ ಹುಡುಗ ಒಂದು ರೂಪಾಯಿ ಆಚೀಚೆ ಮಾಡುವುದಿಲ್ಲ. ‘ಬಲು ನಿಯತ್ತಿನ ಹುಡುಗ’ ಎಂದು ಸಾಹುಕಾರರು ಬಂದವರ ಮುಂದೆಲ್ಲ ಹೊಗಳುತ್ತಾರೆ. ಒಂದು ದಿನ ಅದೇ ಹುಡುಗ ಗಿರಾಕಿಯ ಕಿವಿಯಲ್ಲಿ, ‘ಅಮ್ಮಾ, ಆ ಮೂಟೆ ಬೇಡ, ಹುಳ ಹಿಡಿದ ಅಕ್ಕಿ ಬೆರೆಸಿದ್ದಾರೆ’ ಅಂದರೆ? ಸಂಜೆಯೊಳಗೆ ಅವನು ಉಂಡ ಮನೆಯ ಜಂತೆ ಎಣಿಸುವವನಾಗಿರುತ್ತಾನೆ. ಹುಡುಗನ ಗುಣ ಕೂದಲೆಳೆಯಷ್ಟೂ ಬದಲಾಗಿಲ್ಲ. ಅವನ ನಿಯತ್ತು ಗಲ್ಲಾ ದಾಟಿ ಗಿರಾಕಿಯ ಚೀಲದವರೆಗೆ ಹೋಯಿತು, ಅಷ್ಟೇ.

ಇದು ಬರೀ ಊಹೆಯ ಅಂಗಡಿಯ ಮಾತಲ್ಲ. ಕೋಲಾರದ ಕಡೆಯ ಮಂಜುನಾಥ್ ಷಣ್ಮುಗಂ ಮೈಸೂರಿನಲ್ಲಿ ಎಂಜಿನಿಯರಿಂಗ್, ಲಖನೌದಲ್ಲಿ ಎಂಬಿಎ ಓದಿ ಇಂಡಿಯನ್ ಆಯಿಲ್ ಸೇರಿದವರು. ಉತ್ತರ ಪ್ರದೇಶದ ಲಖೀಂಪುರ ಖೇರಿ ಜಿಲ್ಲೆಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕಿಗೆ ಬೀಗ ಹಾಕಿಸಿದರು. ಅದು ಮತ್ತೆ ಬಾಗಿಲು ತೆರೆದಾಗ ಮತ್ತೆ ತಪಾಸಣೆಗೆ ಹೋದರು. 2005ರ ನವೆಂಬರಿನಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರಿಗೆ 27 ವರ್ಷ. ಅವರ ನಿಯತ್ತು ಕಂಪನಿಗೋ ಡೀಲರಿಗೋ ಮೀಸಲಾಗಿದ್ದರೆ ಕಡತದಲ್ಲಿ ಒಂದು ಷರಾ ಬರೆದು ಸುಮ್ಮನಿರಬಹುದಿತ್ತು. ಅದು ಸಂದದ್ದು ಬೈಕಿಗೆ ಒಂದು ಲೀಟರ್ ಹಾಕಿಸಿಕೊಂಡು ಹೋಗುವ, ಅವರ ಹೆಸರೂ ಗೊತ್ತಿಲ್ಲದ ಜನಕ್ಕೆ.

ನಿಯತ್ತಿಗೆ ಚತುರ್ಥಿ ವಿಭಕ್ತಿ ಬೇಕೇ ಬೇಕು: ಯಾರಿಗೆ, ಯಾವುದಕ್ಕೆ? ಧಣಿಗೋ, ಪಕ್ಷಕ್ಕೋ, ಮಾಡುವ ಕೆಲಸಕ್ಕೋ? ನಿಯತ್ತು ಅಭ್ಯಾಸದಿಂದಲೂ ಬಂದೀತು, ಹೆದರಿಕೆಯಿಂದಲೂ ಬಂದೀತು. ಆ ‘ಗೆ’, ಆ ‘ಕ್ಕೆ’ ಎಲ್ಲಿ ಹಚ್ಚಬೇಕೆಂದು ತಿಳಿಯುವುದಕ್ಕೆ ವಿವೇಕವೇ ಬೇಕು. ಹಾಗಾಗಿ ಇನ್ನು ಮುಂದೆ ಯಾರಾದರೂ ‘ಅವನು ನಿಯತ್ತಿನ ಮನುಷ್ಯ’ ಅಂದಾಗ ತಲೆದೂಗುವ ಮುಂಚೆ ‘ಯಾರಿಗೆ?’ ಎಂದು ಕೇಳಿನೋಡಿ. ಹೊಗಳಿದವರೇ ಎಷ್ಟೋ ಸಲ ತಡವರಿಸುತ್ತಾರೆ.