ಜಯಪತ್ರದಿಂದ ಒಡಂಬಡಿಕೆಗೆ: ಅಬ್ಬಲೂರು, ಬೆಳಗೊಳ, ಹಳೇಬೀಡು

ಮಧ್ಯಕಾಲದ ಕನ್ನಡ ನಾಡಿನಲ್ಲಿ ಹೊಲದ ಗಡಿ, ಕೆರೆಯ ನೀರು, ಸಾಲ, ಕಳವುಗಳಂಥ ತಕರಾರುಗಳನ್ನು ಊರ ಗೌಡರು, ಮಹಾಜನರು, ನಾಡ ಪ್ರಭುಗಳು ಕೂತು ತೀರಿಸುತ್ತಿದ್ದರು. ಒಂದು ಸಮಯದವರು, ಅಂದರೆ ಒಂದು ಮತದವರು, ಇನ್ನೊಂದು ಸಮಯದವರಿಗೆ ಅನ್ಯಾಯ ಮಾಡಿದಾಗ ಮಾತ್ರ ಈ ವ್ಯವಸ್ಥೆ ತಡವರಿಸುತ್ತಿತ್ತು. ಬಸದಿಗೆ ನುಗ್ಗಿದ ಗುಂಪಿನಲ್ಲಿ ಯಾರನ್ನು ಹಿಡಿದು ದಂಡಿಸುವುದು? ದಂಡಿಸಿದರೆ ಅವರ ಹಿಂದಿರುವ ಇಡೀ ಸಮುದಾಯ ಮುನಿಯುತ್ತದೆ. ಸುಮ್ಮನಿದ್ದರೆ ನೊಂದವರಿಗೆ ಅರಸನ ಮೇಲಿನ ನಂಬಿಕೆ ಹೋಗುತ್ತದೆ. ತೀರ್ಪು ಏನೇ ಆಗಲಿ, ಮರುದಿನವೂ ಎರಡೂ ಕಡೆಯವರು ಅದೇ ಬೀದಿಯಲ್ಲಿ ಮುಖಾಮುಖಿಯಾಗಬೇಕು. ಇಂಥ ಮೂರು ವ್ಯಾಜ್ಯಗಳ ದಾಖಲೆ ಕಲ್ಲಿನ ಮೇಲೆ ಉಳಿದಿದೆ. ಮೂರರಲ್ಲೂ ದೂರು ತಂದವರು ಜೈನರು. ಆದರೆ ಅವರಿಗೆ ದೊರೆತ ಉತ್ತರ ಮೂರು ಬಗೆಯದು.

ಮೊದಲನೆಯದು ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನದು. ಅಲ್ಲಿನ ಸೋಮೇಶ್ವರ ದೇವಾಲಯದಲ್ಲಿ ಸುಮಾರು 1200ರ ಹೊತ್ತಿಗೆ ಸೇರುವ ಒಂದು ದೀರ್ಘ ಶಾಸನವಿದೆ. ಅದೇ ಕಥೆಯನ್ನು ಹೇಳುವ ಶಿಲ್ಪಗಳೂ ಅವುಗಳ ಕೆಳಗೆ ಬರಹಗಳೂ ಇವೆ. ಆಳಂದೆಯಲ್ಲಿ ಹುಟ್ಟಿದ ಶಿವಭಕ್ತ ಏಕಾಂತದ ರಾಮಯ್ಯ ಪುಲಿಗೆರೆಯ ಮೂಲಕ ಅಬ್ಬಲೂರಿಗೆ ಬಂದ. ಅಲ್ಲಿ ಸಂಕಗೌಡನ ಮುಂದಾಳ್ತನದ ಜೈನರಿಗೂ ಅವನಿಗೂ ವಾದ ಬೆಳೆಯಿತು. ತನ್ನ ತಲೆಯನ್ನು ಅರಿದು ಶಿವನಿಗೆ ಒಪ್ಪಿಸಿ ಮರಳಿ ಪಡೆದರೆ ಜೈನರು ಜಿನಬಿಂಬವನ್ನು ಕಿತ್ತು ಶಿವನನ್ನು ಸ್ಥಾಪಿಸಬೇಕು ಎಂಬುದು ಪಂಥ. ಪಂಥಕ್ಕೆ ಒಪ್ಪಿ ಜೈನರು ಓಲೆ ಬರೆದುಕೊಟ್ಟರು ಎನ್ನುತ್ತದೆ ಶಾಸನ. ಏಳು ದಿನಗಳ ಮೇಲೆ ರಾಮಯ್ಯನ ತಲೆ ಕಲೆಯೂ ಇಲ್ಲದಂತೆ ಕೂಡಿಕೊಂಡಿತು, ಜೈನರು ಮಾತಿಗೆ ತಪ್ಪಿದರು, ಅವನು ಬಿಂಬವನ್ನು ಒಡೆದ.

ಪವಾಡದ ಭಾಗವನ್ನು ಭಕ್ತಿಯ ಪಾಲಿಗೆ ಬಿಟ್ಟರೂ, ಮುಂದೆ ನಡೆದ ವಿಚಾರಣೆ ನ್ಯಾಯದ ಚರಿತ್ರೆಯಲ್ಲಿ ಮುಖ್ಯವಾದದ್ದು. ಜೈನರು ಕಲಚುರಿ ಬಿಜ್ಜಳನಲ್ಲಿಗೆ ಹೋಗಿ ದೂರಿತ್ತರು. ಅರಸ ರಾಮಯ್ಯನನ್ನು ಕರೆಸಿ ಕೇಳಿದ. ರಾಮಯ್ಯ ಓಲೆಯನ್ನು ಮುಂದಿಟ್ಟು, ಬೇಕಾದರೆ ಇನ್ನೊಮ್ಮೆ ಪಂಥಕ್ಕೆ ಸಿದ್ಧ, ಈ ಸಲ ಜೈನರು ತಮ್ಮ ಬಸದಿಗಳನ್ನೆಲ್ಲ ಪಣಕ್ಕಿಡಲಿ ಎಂದ. ತಾವು ಬಂದದ್ದು ಒಡೆದ ಬಿಂಬದ ಬಗ್ಗೆ ದೂರಲು, ಉಳಿದುದನ್ನೂ ಕಳೆದುಕೊಳ್ಳುವುದಕ್ಕಲ್ಲ ಎಂಬರ್ಥದ ಉತ್ತರ ಕೊಟ್ಟು ಜೈನರು ಹಿಂದೆ ಸರಿದರು. ಬಿಜ್ಜಳ ಅವರನ್ನು ನಕ್ಕು ಕಳುಹಿಸಿ ರಾಮಯ್ಯನಿಗೆ ಜಯಪತ್ರ ಕೊಟ್ಟ. ಅವನಿಗೆ ಭೂದತ್ತಿಯೂ ಸಂದಿತು. ಆಮೇಲಿನ ಅರಸರೂ ಅದನ್ನು ಹೆಚ್ಚಿಸಿದರು.

ವ್ಯಾಜ್ಯದಲ್ಲಿ ಗೆದ್ದವನಿಗೆ ಅರಸನ ಮುದ್ರೆಯೊಡನೆ ಜಯಪತ್ರ ಕೊಡುವುದು ಧರ್ಮಶಾಸ್ತ್ರಗಳ ವ್ಯವಹಾರ ಭಾಗದಲ್ಲಿ ಹೇಳಿರುವ ಪದ್ಧತಿ. ಒಂದು ಕಡೆ ಗೆಲ್ಲುತ್ತದೆ, ಇನ್ನೊಂದು ಸೋಲುತ್ತದೆ, ವಿಷಯ ಮುಗಿಯುತ್ತದೆ. ಸಾಲದ ಮೊಕದ್ದಮೆಗೆ ಇದು ಸಾಕು. ಅಬ್ಬಲೂರಿನಲ್ಲಿ ಅರಸ ಎರಡು ಸಮಯಗಳ ನಡುವಿನ ಗಾಯವನ್ನು ಕರಾರಿನ ಮೊಕದ್ದಮೆಯಂತೆ ನೋಡಿದ. ಓಲೆ ಇದೆಯೇ, ಪಂಥ ಗೆದ್ದನೇ ಎಂಬಲ್ಲಿಗೆ ಅವನ ವಿಚಾರಣೆ ನಿಂತಿತು. ಇಲ್ಲಿ ಕ್ಷಮೆಗೆ ಎಡೆಯೇ ಇರಲಿಲ್ಲ, ಏಕೆಂದರೆ ತಪ್ಪು ನಡೆದಿದೆ ಎಂಬುದನ್ನೇ ತೀರ್ಪು ಒಪ್ಪಲಿಲ್ಲ. ಈ ಕಥೆಯನ್ನು ಹೇಳುತ್ತಿರುವುದು ಗೆದ್ದವರ ದೇವಾಲಯದ ಶಾಸನ ಎಂಬುದನ್ನೂ ನೆನಪಿನಲ್ಲಿಡಬೇಕು. ಸೋತವರ ಮಾತು ಅದರಲ್ಲಿ ಒಂದು ವಾಕ್ಯದಷ್ಟು ಮಾತ್ರ ಕೇಳಿಸುತ್ತದೆ. ಆದರೆ ಆ ಒಂದು ವಾಕ್ಯ ಗಟ್ಟಿಯಾದದ್ದು: ದೂರು ಕೊಡಲು ಬಂದವನನ್ನು ಮತ್ತೆ ಪಣಕ್ಕೆ ಕರೆಯುವುದು ನ್ಯಾಯವಲ್ಲ ಎಂದು ಅವರಿಗೆ ಗೊತ್ತಿತ್ತು.

ಎರಡನೆಯ ಶಾಸನ ಬೆಳಗೊಳದ್ದು, ಅಂದರೆ ಶ್ರವಣಬೆಳಗೊಳದ್ದು; ಕಾಲ 1368, ಶಕವರ್ಷ 1290, ಕೀಲಕ ಸಂವತ್ಸರ. ಅಬ್ಬಲೂರಿನ ಘಟನೆಗೂ ಇದಕ್ಕೂ ನಡುವೆ ಸುಮಾರು 200 ವರ್ಷ. ಈ ಅವಧಿಯಲ್ಲಿ ಜೈನರ ಸ್ಥಿತಿ ಬಹಳ ಬದಲಾಗಿತ್ತು. ಗಂಗರ, ರಾಷ್ಟ್ರಕೂಟರ ಕಾಲದ ರಾಜಾಶ್ರಯ ಹಿಂದಿನ ಮಾತಾಗಿತ್ತು. ಹೊಯ್ಸಳರ ಕಾಲದಲ್ಲಿ ಗಂಗರಾಜ, ಹುಳ್ಳರಂಥ ದಂಡನಾಯಕರೂ ಭಂಡಾರಿಗಳೂ ಬಸದಿಗಳನ್ನು ಕಟ್ಟಿಸಿದರು ನಿಜ. ಆದರೆ ವಿಷ್ಣುವರ್ಧನನ ನಂತರ ಮೇಲುಕೋಟೆಯ ಸುತ್ತ ಶ್ರೀವೈಷ್ಣವ ಸಂಘಟನೆ ಬಲವಾಯಿತು, ವೀರಶೈವವೂ ಹಬ್ಬಿತು. ವಿಜಯನಗರ ತಲೆಯೆತ್ತಿದಾಗ ಜೈನರು ಸಂಖ್ಯೆಯಲ್ಲೂ ಅಧಿಕಾರದಲ್ಲೂ ಸಣ್ಣವರು, ವ್ಯಾಪಾರದಲ್ಲಿ ಮಾತ್ರ ಗಟ್ಟಿಯಾದವರು.

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ನಾಡುಗಳ ಭವ್ಯಜನರು, ಅಂದರೆ ಜೈನ ಶ್ರಾವಕರು, ಭಕ್ತರು ತಮಗೆ ಮಾಡುತ್ತಿರುವ ಅನ್ಯಾಯವನ್ನು ಒಂದನೆಯ ಬುಕ್ಕರಾಯನಿಗೆ ಬಿನ್ನವಿಸಿಕೊಂಡರು. ಭಕ್ತರೆಂದರೆ ಇಲ್ಲಿ ಶ್ರೀವೈಷ್ಣವರು. ಅನ್ಯಾಯವೇನೆಂದು ಶಾಸನ ಬಿಡಿಸಿ ಹೇಳುವುದಿಲ್ಲ, ಯಾರ ಹೆಸರನ್ನೂ ಎತ್ತುವುದಿಲ್ಲ. ಆದರೆ ಏನನ್ನು ಮರಳಿಸಲಾಯಿತು ಎಂಬುದರಿಂದ ಏನನ್ನು ಕಿತ್ತುಕೊಳ್ಳಲಾಗಿತ್ತು ಎಂದು ಊಹಿಸಬಹುದು: ಪಂಚಮಹಾವಾದ್ಯ ಮತ್ತು ಕಲಶ. ಉತ್ಸವದಲ್ಲಿ ವಾದ್ಯ ನುಡಿಸುವ, ಕಲಶ ಹೊರುವ ಹಕ್ಕು ಆ ಕಾಲದಲ್ಲಿ ಒಂದು ಸಮುದಾಯಕ್ಕೆ ಬೀದಿಯಲ್ಲಿ ತಲೆಯೆತ್ತಿ ನಡೆಯುವ ಹಕ್ಕೇ ಆಗಿತ್ತು.

ಬುಕ್ಕರಾಯ ಜಯಪತ್ರ ಬರೆಸಲಿಲ್ಲ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಹದಿನೆಂಟು ನಾಡಿನ ಶ್ರೀವೈಷ್ಣವರನ್ನೂ ಮುಂದಿಟ್ಟುಕೊಂಡು, ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ. ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲ ಎಂದು ಸಾರಿದ. ಆ ಸಭೆಯ ಪಟ್ಟಿಯಲ್ಲಿ ಆಚಾರ್ಯರಷ್ಟೇ ಇಲ್ಲ. ದೇವಾಲಯದ ಬಗೆಬಗೆಯ ಸೇವೆಯವರು, ಸಾವಂತ ಬೋವರು, ತಿರುಕುಲ ಮತ್ತು ಜಾಂಬವಕುಲದವರೂ ಇದ್ದಾರೆ. ಬೀದಿಯಲ್ಲಿ ಜಗಳವಾಗುವಾಗ ಎದುರಿಗೆ ನಿಲ್ಲುವವರು ಇವರೇ ಆದ್ದರಿಂದ ಒಪ್ಪಂದಕ್ಕೂ ಇವರೇ ಸಾಕ್ಷಿಯಾಗಬೇಕು ಎಂಬ ವಿವೇಕ ಈ ಪಟ್ಟಿಯಲ್ಲಿ ಕಾಣುತ್ತದೆ.

ಷರತ್ತುಗಳು ಹೀಗಿವೆ. ಜೈನ ದರ್ಶನಕ್ಕೆ ಹಿಂದಿನಂತೆ ಪಂಚಮಹಾವಾದ್ಯ, ಕಲಶಗಳು ಸಲ್ಲಬೇಕು. ಭಕ್ತರ ದೆಸೆಯಿಂದ ಜೈನ ದರ್ಶನಕ್ಕೆ ಹಾನಿಯಾದರೂ ವೃದ್ಧಿಯಾದರೂ ವೈಷ್ಣವರು ಅದನ್ನು ತಮ್ಮದೇ ಹಾನಿ, ತಮ್ಮದೇ ವೃದ್ಧಿ ಎಂದು ತಿಳಿಯಬೇಕು. ಈ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ಶ್ರೀವೈಷ್ಣವರೇ ನೆಡಬೇಕು. ಬೆಳಗೊಳದ ದೇವರ ಅಂಗರಕ್ಷೆಗೆ 20 ಆಳುಗಳನ್ನು ಇಡಬೇಕು. ಅದನ್ನು ತಿರುಮಲೆಯ ತಾತಯ್ಯ ನೋಡಿಕೊಳ್ಳಬೇಕು. ಇದರ ಖರ್ಚಿಗೆ ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ಹಣ ಕೊಡಬೇಕು. ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಈ ಮರ್ಯಾದೆಯನ್ನು ಮೀರಿದವನು ರಾಜದ್ರೋಹಿ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ.

ಇದರಲ್ಲಿ ಹಿಂದಿನ ತಪ್ಪಿಗೆ ದಂಡನೆಯಿಲ್ಲ. ತಪ್ಪೊಪ್ಪಿಗೆಯ ಮಾತೂ ಕ್ಷಮೆಯ ಮಾತೂ ಕಲ್ಲಿನ ಮೇಲೆ ಬರುವುದಿಲ್ಲ. ನಡೆದದ್ದನ್ನು ಎತ್ತಿ ಆಡದೆ, ನಡೆಯಬೇಕಾದುದನ್ನು ಒಂದೊಂದಾಗಿ ಕಟ್ಟಿಹಾಕಲಾಗಿದೆ. ನೊಂದವರಿಂದ ಮರೆಯುವಿಕೆಯನ್ನು ಕೇಳುವ ಮೊದಲು ಅವರ ಹಕ್ಕನ್ನು ಮರಳಿಸಿದ್ದು ಈ ಶಾಸನದ ದೊಡ್ಡತನ. ಅನ್ಯಾಯದ ಆರೋಪ ಹೊತ್ತವರನ್ನೇ ಕಾವಲಿಗೆ ನಿಲ್ಲಿಸಿದ್ದು ಅದಕ್ಕಿಂತ ಧೈರ್ಯದ ಹೆಜ್ಜೆ. ಇನ್ನು ಮುಂದೆ ಬೆಳಗೊಳದಲ್ಲಿ ಏನಾದರೂ ಆದರೆ ತಾತಯ್ಯನ ಮಾತು ಹೋಗುತ್ತದೆ, ತಿರುಮಲೆಯ ಮರ್ಯಾದೆ ಹೋಗುತ್ತದೆ.

ಆದರೂ ಒಂದು ಕೊರತೆ ಉಳಿಯುತ್ತದೆ, ಅದನ್ನು ಮುಚ್ಚಬಾರದು. ಕಾವಲಿನ ಹಣ ಕೊಟ್ಟವರು ಅನ್ಯಾಯಕ್ಕೆ ಒಳಗಾದವರೇ. ಜೈನರ ಒಪ್ಪಿಗೆಯ ಮೇಲೆ ಎತ್ತುವ ಹಣ ಎಂದು ಶಾಸನ ಸ್ಪಷ್ಟವಾಗಿ ಹೇಳುತ್ತದೆ. ಆದರೆ ಬೇರೆ ದಾರಿಯಿಲ್ಲದವನ ಒಪ್ಪಿಗೆಗೂ ಸ್ವತಂತ್ರನ ಒಪ್ಪಿಗೆಗೂ ಅಂತರವಿದೆ. ಸಾಮರಸ್ಯದ ಮಾದರಿ ಎಂದು ಈ ಶಾಸನವನ್ನು ಮತ್ತೆ ಮತ್ತೆ ಹೊಗಳುವ ಬರಹಗಳು ಈ ಒಂದು ಹಣದ ಸಂಗತಿಯನ್ನು ದಾಟಿಕೊಂಡು ಹೋಗುವುದು ಸರಿಯಲ್ಲ. ಕಡಿಮೆ ಬಲದವರು ಶಾಂತಿಯನ್ನು ಬೆಲೆ ತೆತ್ತು ಕೊಂಡರು. ಕೊಂಡದ್ದು ಹುಸಿಯಾಗಲಿಲ್ಲ ಎಂಬುದೂ ಅಷ್ಟೇ ನಿಜ.

ಅರಸನ ಲೆಕ್ಕಾಚಾರವೂ ಇತ್ತು. ಆ ಹೊತ್ತಿಗೆ ಬುಕ್ಕರಾಯ ಬಹಮನಿ ಸುಲ್ತಾನರೊಡನೆ ಹೋರಾಡುತ್ತಿದ್ದ. ಒಳಗಿನ ಜಗಳ ಅವನಿಗೆ ಬೇಕಿರಲಿಲ್ಲ. ಅವನ ಮನೆತನದ ದೈವ ವಿರೂಪಾಕ್ಷ. ವೈಷ್ಣವನೂ ಅಲ್ಲದ, ಜೈನನೂ ಅಲ್ಲದ ಈ ಮೂರನೆಯವನನ್ನು ಎರಡೂ ಕಡೆಯವರು ನಂಬುವುದು ಸುಲಭವಾಯಿತು.

ಒಪ್ಪಂದದ ಹಿಂದೆ ಓಡಾಡಿದವನ ಹೆಸರು ಶಾಸನದ ಕೊನೆಯಲ್ಲಿ ಬರುತ್ತದೆ: ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ. ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಕರೆಸಿ, ಜೀರ್ಣೋದ್ಧಾರ ಮಾಡಿಸಿದವನು ಅವನು. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಕಲ್ಲೇಹವೆಂದರೆ ಮಾಗಡಿ ತಾಲ್ಲೂಕಿನ ಇಂದಿನ ಕಲ್ಯ. ಅಲ್ಲಿಯೂ ಈ ಶಾಸನದ ಪ್ರತಿ ದೊರೆತಿದೆ. ಬೆಳಗೊಳದ ಕಲ್ಲು ಹುಳ್ಳನು 1159ರಲ್ಲಿ ಕಟ್ಟಿಸಿದ ಭಂಡಾರಿ ಬಸದಿಯ ಬಳಿ ಇದೆ.

ಮುಂದಿನ ಕಾಲದಲ್ಲಿ ಜೈನರು ರಾಜಧಾನಿಯಲ್ಲೇ ಬಸದಿ ಕಟ್ಟುವಷ್ಟು ನೆಮ್ಮದಿಯಿಂದ ಇದ್ದರು. ಎರಡನೆಯ ಹರಿಹರನ ಕಾಲದಲ್ಲಿ ದಂಡನಾಯಕ ಇರುಗಪ್ಪ ಹಂಪಿಯಲ್ಲಿ ಕುಂಥುನಾಥ ಜಿನಾಲಯವನ್ನು ಕಟ್ಟಿಸಿದ. ಜನ ಈಗ ಅದನ್ನು ಗಾಣಿಗಿತ್ತಿ ಗುಡಿ ಎನ್ನುತ್ತಾರೆ. 1426ರಲ್ಲಿ ಎರಡನೆಯ ದೇವರಾಯನೇ ಪಾನ್‌ಸುಪಾರಿ ಬಜಾರಿನಲ್ಲಿ ಪಾರ್ಶ್ವನಾಥ ಚೈತ್ಯಾಲಯವನ್ನು ಮಾಡಿಸಿದ.

ಮೂರನೆಯ ವ್ಯಾಜ್ಯದ ಹೊತ್ತಿಗೆ ವಿಜಯನಗರದ ಕೇಂದ್ರ ಕುಸಿದಿತ್ತು. 1638ರಲ್ಲಿ ಹಳೇಬೀಡಿನ ಸುತ್ತಲಿನ ನಾಡು ಬೇಲೂರಿನ ನಾಯಕರ ಆಳ್ವಿಕೆಯಲ್ಲಿತ್ತು. ಅಲ್ಲಿನ ವಿಜಯಪಾರ್ಶ್ವ ಬಸದಿ ಗಂಗರಾಜನ ಮಗ ಬೊಪ್ಪ ತಂದೆಯ ನೆನಪಿಗೆ 1133ರಲ್ಲಿ ಕಟ್ಟಿಸಿದ್ದು. ಯುದ್ಧದ ಗೆಲುವೂ ಮಗ ಹುಟ್ಟಿದ ಸುದ್ದಿಯೂ ಒಟ್ಟಿಗೆ ಬಂದ ಸಂತೋಷದಲ್ಲಿ ವಿಷ್ಣುವರ್ಧನನೇ ಆ ಹೆಸರು ಕೊಟ್ಟ. ಈ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವ ಎಂಬವನು ಲಿಂಗಮುದ್ರೆ ಹಾಕಿದ. ವಿಜಯಪ್ಪ ಎಂಬ ಜೈನ ಅದನ್ನು ಅಳಿಸಿಹಾಕಿದ.

ಈಗ ತಪ್ಪು ಯಾರದು? ಜೈನರ ಕಣ್ಣಿಗೆ ಮುದ್ರೆ ಹಾಕಿದ್ದು ಅತಿಕ್ರಮ; ವೀರಶೈವರ ಕಣ್ಣಿಗೆ ಲಿಂಗವನ್ನು ಅಳಿಸಿದ್ದು ಅಪಚಾರ. ಎರಡೂ ಕಡೆಗೆ ನೋವಾಗಿದೆ, ಎರಡೂ ಕಡೆಗೆ ದೂರಿದೆ. ಜೈನ ಮುಖಂಡರು ತಮ್ಮ ಬಿನ್ನಹವನ್ನು ಒಯ್ದದ್ದು ವೀರಶೈವರ ಹಿರಿಯರ ಸಭೆಯಾದ ಮಹಾಮಹತ್ತಿಗೆ. ಎದುರಿನ ಪಕ್ಷದ ಹಿರಿಯರನ್ನೇ ನ್ಯಾಯಸ್ಥಾನದಲ್ಲಿ ಕೂರಿಸಲು ಎಂಥ ಅಸಹಾಯಕತೆ ಬೇಕು, ಎಂಥ ವಿಶ್ವಾಸವೂ ಬೇಕು.

ಮಹಾಮಹತ್ತಿನವರು ಕೊಟ್ಟ ಕಟ್ಟಳೆಯ ಪ್ರಕಾರ ಮೊದಲು ವಿಭೂತಿ, ವೀಳ್ಯಗಳನ್ನು ಸಲ್ಲಿಸಬೇಕು. ಆಮೇಲೆ ಜೈನರು ತಮ್ಮ ಪೂರ್ವಮರ್ಯಾದೆಯಂತೆ ಪೂಜೆ, ಅಲಂಕಾರ, ದೀಪ, ಅಭಿಷೇಕಗಳನ್ನು ಚಂದ್ರಸೂರ್ಯರಿರುವವರೆಗೆ ನಡೆಸಬಹುದು. ಹುಚ್ಚಪ್ಪದೇವನಿಗೂ ವಿಜಯಪ್ಪನಿಗೂ ಶಿಕ್ಷೆಯಿಲ್ಲ. ಇಲ್ಲಿಯೂ ಬಲವಿದ್ದವರು ಒಂದು ಮೊದಲ ಮರ್ಯಾದೆಯನ್ನು ತಮಗಾಗಿ ಇಟ್ಟುಕೊಂಡರು. ಬೇರೆಯವರ ಗುಡಿಯಲ್ಲಿ ತಮ್ಮ ವಿಭೂತಿ ಮೊದಲು ಸಲ್ಲಬೇಕೆಂಬುದು ಬೆಳಗೊಳದ ಒಂದು ಹಣದಂತೆಯೇ ಮೇಲುಗೈಯ ಗುರುತು. ಆದರೆ ಬಸದಿ ಬಸದಿಯಾಗಿಯೇ ಉಳಿಯಿತು, ಪೂಜೆ ನಿಲ್ಲಲಿಲ್ಲ.

ಹಳೇಬೀಡಿನ ಶಾಸನದ ನಿಜವಾದ ತೂಕ ಇರುವುದು ಅದರ ಶಾಪವಾಕ್ಯದಲ್ಲಿ. ಜಿನಧರ್ಮಕ್ಕೆ ವಿರೋಧ ಮಾಡಿದವನು ಮಹಾಮಹತ್ತಿಗೆ ಸಲ್ಲದವನು. ಅವನು ಶಿವನಿಗೂ ಜಂಗಮಕ್ಕೂ ದ್ರೋಹಿ. ವಿಭೂತಿ ರುದ್ರಾಕ್ಷಿಗಳಿಗೆ, ಕಾಶಿ ರಾಮೇಶ್ವರಗಳ ಲಿಂಗಕ್ಕೆ ಹೊರಗಾದವನು. ಬೆಳಗೊಳದಲ್ಲಿ ಒಪ್ಪಂದ ಮುರಿದವನು ಮೊದಲು ರಾಜದ್ರೋಹಿ, ಆಮೇಲೆ ಸಂಘದ್ರೋಹಿ. ಹಳೇಬೀಡಿನಲ್ಲಿ ರಾಜನ ಭಯವನ್ನು ಎತ್ತದೆ, ಹಿರಿಯರು ತಮ್ಮವರಿಗೆ ತಮ್ಮದೇ ದೇವರ ಹೆಸರಿನಲ್ಲಿ ಕಟ್ಟು ಹಾಕಿದರು. ಜೈನನನ್ನು ಪೀಡಿಸಿ ಶಿವನನ್ನು ಒಲಿಸಿಕೊಳ್ಳುವ ದಾರಿ ಮುಚ್ಚಿತು. ಅಬ್ಬಲೂರಿನಲ್ಲಿ ಯಾವ ಕೃತ್ಯಕ್ಕೆ ಶಿವಭಕ್ತಿಯ ಹೆಸರಿನಲ್ಲಿ ಜಯಪತ್ರವೂ ದತ್ತಿಯೂ ದೊರೆತಿದ್ದವೋ, ಅಂಥದ್ದೇ ಕೃತ್ಯ ಹಳೇಬೀಡಿನ ಹಿರಿಯರ ಬಾಯಲ್ಲಿ ಶಿವದ್ರೋಹವಾಯಿತು.

ಮೂರನ್ನೂ ಒಂದೇ ಏರುಹಾದಿಯ ಮೆಟ್ಟಿಲುಗಳೆಂದು ಓದುವಂತಿಲ್ಲ. ಬೆಳಗೊಳದ ಒಪ್ಪಂದವಾಗಿ ಒಂದೂವರೆ ಶತಮಾನ ತುಂಬುವ ಮೊದಲೇ, 1512ರ ಶ್ರೀಶೈಲದ ಶಾಸನವೊಂದರಲ್ಲಿ ಒಬ್ಬ ಮುಖಂಡ ಶ್ವೇತಾಂಬರ ಜೈನರ ತಲೆ ಕಡಿದುದನ್ನು ತನ್ನ ಸಾಧನೆಯೆಂದು ಬರೆಸಿಕೊಂಡಿದ್ದಾನೆ. ಬುಕ್ಕರಾಯನ ಮಾತಿಗೆ ಬೆಂಬಲವಾಗಿ ಅವನ ಅಧಿಕಾರವಿತ್ತು, ಆಚಾರ್ಯರ ಸಾಕ್ಷಿಯಿತ್ತು, ಮನೆಮನೆಯ ಹಣದಿಂದ ನಿಂತ 20 ಕಾವಲಿನವರಿದ್ದರು. ಹಳೇಬೀಡಿನಲ್ಲಿ ಬಲವಿದ್ದವರೇ ತಮ್ಮ ಬಲಕ್ಕೆ ಮಿತಿ ಹಾಕಿಕೊಂಡರು. ಇವೆರಡರಲ್ಲಿ ಒಂದೂ ಇಲ್ಲದ ಕಡೆ ನೊಂದವರ ಪಾಲಿಗೆ ಉಳಿದದ್ದು ಅಬ್ಬಲೂರಿನ ಜೈನರು ಮಾಡಿದಂತೆ ಬಾಯಿ ಮುಚ್ಚಿಕೊಂಡು ಹಿಂತಿರುಗುವುದು. ಅದನ್ನು ಸಹನೆಯೆಂದೋ ಕ್ಷಮೆಯೆಂದೋ ಕರೆದರೆ ಅವರಿಗೆ ಎರಡನೆಯ ಸಲ ಅನ್ಯಾಯ ಮಾಡಿದಂತಾಗುತ್ತದೆ.