ಕಿತ್ತೂರಿನ ಎಕ್ಸ್‌ಚೇಂಜಿನಿಂದ ಊರಾಚೆಯ ಟವರ್‌ವರೆಗೆ: ಟೆಲಿಕಾಂ ಕೆಲಸ ಕೈ ಬದಲಾಯಿಸಿದ ಕಥೆ

ನಿಮ್ಮ ಮನೆಯಲ್ಲಿ ಇಪ್ಪತ್ತು–ಇಪ್ಪತ್ತೈದು ವರ್ಷ ಹಳೆಯ ಮದುವೆ ಕಾರ್ಡ್ ಇದ್ದರೆ ಒಮ್ಮೆ ತೆಗೆದು ನೋಡಿ. ಕೆಳಗೆ ಮೂಲೆಯಲ್ಲಿ ಫೋನ್ ನಂಬರ್ ಇರುತ್ತದೆ. 08391 ಇದ್ದರೆ ಕೂಡ್ಲಿಗಿ, ಇಲ್ಲವೇ ಕೊಟ್ಟೂರು. 08397 ಇದ್ದರೆ ಹಗರಿಬೊಮ್ಮನಹಳ್ಳಿ. 08398 ಹರಪನಹಳ್ಳಿ, 08399 ಹೂವಿನಹಡಗಲಿ. ನಂಬರಿನ ಪಕ್ಕ ‘ಪಿ.ಪಿ.’ ಎಂದು ಬರೆದಿದ್ದರೆ ಆ ಫೋನು ಅವರದಲ್ಲ, ಪಕ್ಕದ ಮನೆಯವರದು. ಕರೆ ಬಂದರೆ ಕೂಗಿ ಹೇಳುತ್ತಿದ್ದರು.

ಇದರಲ್ಲೊಂದು ಸೋಜಿಗವಿದೆ. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು. ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಇಷ್ಟು ಸಲ ಬದಲಾದರೂ ಅದರ ಫೋನ್ ಕೋಡ್ ಅಕ್ಕಪಕ್ಕದ ತಾಲ್ಲೂಕುಗಳ ಸಾಲಿನಲ್ಲೇ ಉಳಿಯಿತು. ಸರ್ಕಾರದ ನಕಾಶೆಯಲ್ಲಿ ದೂರ ಹೋದ ಊರು ಫೋನಿನ ನಕಾಶೆಯಲ್ಲಿ ನಮ್ಮ ಜೊತೆಗೇ ಇತ್ತು.

ಈ ಹಳೇ ನಂಬರುಗಳನ್ನು ಈಗ ನೆನೆಯುವುದಕ್ಕೆ ಕಾರಣವಿದೆ. ಪ್ರತಿ ವರ್ಷ ಇಂಜಿನಿಯರಿಂಗ್ ಫಲಿತಾಂಶ ಬಂದ ಮೇಲೆ ನಮಗೆ ಒಂದೇ ಥರದ ಫೋನು ಬರುತ್ತವೆ. “ಅಣ್ಣಾ, ಟೆಲಿಕಾಂ ಕಂಪನಿಯಿಂದ ಕೆಲಸ ಅಂತ ಮೆಸೇಜ್ ಬಂದೈತಿ. ಮೊದಲು ರೊಕ್ಕ ಕಟ್ಟಬೇಕಂತೆ. ಕಟ್ಲಾ?” ಕೇಳುವವರು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಓದಿದ ಹುಡುಗ, ಹುಡುಗಿಯರು. ಅಪ್ಪ ಶೇಂಗಾ, ಮೆಕ್ಕೆಜೋಳ ಮಾರಿ ಫೀಸು ಕಟ್ಟಿರುತ್ತಾರೆ. ‘ಕಟ್ಟಬೇಡಿ’ ಎಂದು ಹೇಳುವುದು ಸುಲಭ. ಆದರೆ ಇಂಥ ಮೆಸೇಜು ಯಾಕೆ ನಂಬುವಂತಿರುತ್ತದೆ, ಹಿಂದೆ ಕೆಲಸ ಹೇಗೆ ಸಿಗುತ್ತಿತ್ತು, ಈಗ ಯಾಕೆ ಹೀಗಾಯಿತು ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಒಂದೇ ಬಾಗಿಲು ಇದ್ದ ಕಾಲ

1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಅಂದರೆ ಐಟಿಐ ಕಾರ್ಖಾನೆ ಶುರುವಾಯಿತು. ಅದು ಇರುವ ಜಾಗಕ್ಕೆ ದೂರವಾಣಿನಗರ ಎಂದೇ ಹೆಸರು ಬಂತು. ಆಗ ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಇನ್ನೂ ಮದ್ರಾಸ್ ಸರ್ಕಾರದ ಕೆಳಗಿದ್ದವು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು.

ಫೋನು ಆಗ ಅಂಚೆ ಮತ್ತು ತಂತಿ ಇಲಾಖೆಯ ಕೈಯಲ್ಲಿತ್ತು. ದೂರದೂರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ. ಬೇಗ ಬೇಕೆಂದರೆ ದುಡ್ಡು ಜಾಸ್ತಿ. 1985ರಲ್ಲಿ ಅಂಚೆ ಬೇರೆ, ದೂರಸಂಪರ್ಕ ಬೇರೆ ಇಲಾಖೆಯಾದವು.

ಈ ಕಾಲದಲ್ಲಿ ಟೆಲಿಕಾಂ ಕೆಲಸ ಎಂದರೆ ಸರ್ಕಾರಿ ಕೆಲಸ, ಬೇರೆ ಅರ್ಥವೇ ಇರಲಿಲ್ಲ. ಹೊಸ ಇಂಜಿನಿಯರ್ ಸೇರುವ ಮೊದಲ ಮೆಟ್ಟಿಲಿಗೆ ಇಂಜಿನಿಯರಿಂಗ್ ಸೂಪರ್‌ವೈಸರ್, ಮುಂದೆ ಜೂನಿಯರ್ ಇಂಜಿನಿಯರ್, ಆಮೇಲೆ ಜೂನಿಯರ್ ಟೆಲಿಕಾಂ ಆಫೀಸರ್, ಅಂದರೆ ಜೆಟಿಒ ಎಂದು ಹೆಸರಾಯಿತು. ದಾರಿ ನೇರವಾಗಿತ್ತು: ಪೇಪರಿನಲ್ಲಿ ಪ್ರಕಟಣೆ, ಅರ್ಜಿ, ಆಯ್ಕೆ, ಆಮೇಲೆ ಇಲಾಖೆಯದೇ ತರಬೇತಿ. ಅದಕ್ಕೆ ಜಬಲ್ಪುರದಲ್ಲಿ, ಗಾಜಿಯಾಬಾದಿನಲ್ಲಿ, ನಮ್ಮ ಮೈಸೂರಿನಲ್ಲಿ ಕೇಂದ್ರಗಳಿದ್ದವು. ತರಬೇತಿಗೆ ಹುಡುಗ ದುಡ್ಡು ಕೊಡುತ್ತಿರಲಿಲ್ಲ, ಇಲಾಖೆಯೇ ಅವನಿಗೆ ಸ್ಟೈಪೆಂಡ್ ಕೊಡುತ್ತಿತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಕಾಲ ಚಿನ್ನದ ಕಾಲ ಎಂದು ನಾವು ಹೇಳುತ್ತಿಲ್ಲ. ಹುದ್ದೆ ಕಡಿಮೆ, ಓದಿದವರೂ ಕಡಿಮೆ. ನಮ್ಮ ಐದು ತಾಲ್ಲೂಕಿನ ಹುಡುಗರಿಗೆ ಹತ್ತಿರದ ಇಂಜಿನಿಯರಿಂಗ್ ಕಾಲೇಜು ಎಂದರೆ ಮೊದಲು ದಾವಣಗೆರೆಯ ಬಿಡಿಟಿ, 1980ರ ನಂತರ ಬಳ್ಳಾರಿಯದು. ಹಳ್ಳಿಯವರ ಪಾಲಿಗೆ ಬಂದದ್ದು ಹೆಚ್ಚಾಗಿ ಲೈನ್‌ಮನ್ ಕೆಲಸ, ದಿನಗೂಲಿ, ಗುಂಡಿ ತೋಡಿ ಕಂಬ ನೆಡುವ ಕೆಲಸ.

ಕಿತ್ತೂರಿನಲ್ಲಿ ಆದದ್ದು

1984ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಎಂಬ ಸಂಶೋಧನಾ ಸಂಸ್ಥೆ ಕಟ್ಟಿತು. ಹಿಂದೆ ನಿಂತವರು ಸ್ಯಾಮ್ ಪಿತ್ರೋಡಾ. 36 ತಿಂಗಳು, 36 ಕೋಟಿ ರೂಪಾಯಿ, ಅಷ್ಟರಲ್ಲಿ ನಮ್ಮದೇ ಡಿಜಿಟಲ್ ಎಕ್ಸ್‌ಚೇಂಜ್ ಆಗಬೇಕು ಎಂಬುದು ಪಣ. ದೆಹಲಿ ಮತ್ತು ಬೆಂಗಳೂರಿನಲ್ಲಿ ಕೆಲಸ ನಡೆಯಿತು. ಅದಕ್ಕೆ ಸೇರಿಸಿಕೊಂಡವರಲ್ಲಿ ಬಹಳಷ್ಟು ಜನ ಆಗತಾನೇ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು. ‘ಅನುಭವ ಎಷ್ಟು ವರ್ಷ’ ಎಂದು ಕೇಳಿದ್ದರೆ ಅವರು ಬಾಗಿಲಲ್ಲೇ ನಿಲ್ಲಬೇಕಿತ್ತು.

ಅವರು ಮಾಡಿದ ಹಳ್ಳಿ ಎಕ್ಸ್‌ಚೇಂಜಿನ ಹೆಸರು ರ್‍ಯಾಕ್ಸ್, 128 ಪೋರ್ಟಿನದು. ಹೊರಗಿನಿಂದ ತರಿಸುತ್ತಿದ್ದ ದೊಡ್ಡ ಯಂತ್ರಗಳಿಗೆ ಎ.ಸಿ. ಕೋಣೆ ಬೇಕಿತ್ತು. ಇದಕ್ಕೆ ಬೇಡ. ಬಿಸಿಲು, ಧೂಳು ತಡೆಯಬೇಕು, ಕರೆಂಟು ಹೋದರೂ ಬ್ಯಾಟರಿ ಮೇಲೆ ನಡೆಯಬೇಕು ಎಂದೇ ಮಾಡಿದ್ದು. ಮೊದಲ ರ್‍ಯಾಕ್ಸ್ ಚಾಲೂ ಆದದ್ದು 1986ರ ಜುಲೈನಲ್ಲಿ, ನಮ್ಮದೇ ರಾಜ್ಯದ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಕಿತ್ತೂರು!

ಅಲ್ಲಿಂದ ಮುಂದೆ ಇಂಥ ಸಣ್ಣ ಎಕ್ಸ್‌ಚೇಂಜುಗಳು ದೇಶದ ಹಳ್ಳಿಹಳ್ಳಿಗೆ ಹೋದವು. ಹಳದಿ ಬೋರ್ಡಿನ ಎಸ್‌ಟಿಡಿ ಬೂತು ಬಂತು. ಅಂಗವಿಕಲರು, ಕೆಲಸವಿಲ್ಲದ ಪದವೀಧರರು ಬೂತು ಇಟ್ಟು ಬದುಕು ಕಟ್ಟಿಕೊಂಡರು. ಪ್ರತಿ ಎಕ್ಸ್‌ಚೇಂಜಿಗೂ ನೋಡಿಕೊಳ್ಳುವ ಜನ ಬೇಕು, ಅವರ ಮೇಲೊಬ್ಬ ಜೆಟಿಒ ಬೇಕು. ಯಂತ್ರ ಬಂದಾಗ ಅದರ ಜೊತೆಗೆ ಕೆಲಸವೂ ಊರಿಗೆ ಬಂತು, ಸಂಬಳ ಕೊಡುವವರ ಹೆಸರು ಬಾಗಿಲ ಮೇಲಿತ್ತು.

ಬಾಗಿಲು ಒಡೆದು ನೂರಾಯಿತು

1994ರ ರಾಷ್ಟ್ರೀಯ ಟೆಲಿಕಾಂ ನೀತಿ ಖಾಸಗಿ ಕಂಪನಿಗಳಿಗೆ ದಾರಿ ತೆರೆಯಿತು. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ. ಮಾತಾಡಿದವರು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಮತ್ತು ಕೇಂದ್ರ ಮಂತ್ರಿ ಸುಖರಾಂ. 2000ದ ಅಕ್ಟೋಬರ್ 1ರಂದು ಇಲಾಖೆಯ ಸೇವೆಗಳು ಬಿಎಸ್‌ಎನ್‌ಎಲ್ ಕಂಪನಿಯ ಕೈಗೆ ಹೋದವು.

ಆದರೆ ಕೆಲಸದ ರೂಪವನ್ನೇ ಬದಲಿಸಿದ ವರ್ಷ 2004. ಆ ವರ್ಷ ಏರ್‌ಟೆಲ್ ನಡೆಸುವ ಭಾರ್ತಿ ಕಂಪನಿ ತನ್ನ ನೆಟ್‌ವರ್ಕ್ ಕಟ್ಟುವ, ನೋಡಿಕೊಳ್ಳುವ ಕೆಲಸವನ್ನು ಎರಿಕ್ಸನ್‌ನಂಥ ವಿದೇಶಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು. 2007ರಲ್ಲಿ ಭಾರ್ತಿ, ವೊಡಾಫೋನ್, ಐಡಿಯಾ ಸೇರಿ ಇಂಡಸ್ ಟವರ್ಸ್ ಮಾಡಿದವು. ಈಗ ಟವರ್ ಒಬ್ಬರದು, ಅದರ ಮೇಲಿನ ಆಂಟೆನಾ ಇನ್ನೊಬ್ಬರದು, ರಿಪೇರಿ ಗುತ್ತಿಗೆ ಮತ್ತೊಬ್ಬರದು, ಅವರ ಕೆಳಗೆ ಉಪಗುತ್ತಿಗೆ. ಕಂಪನಿಗೆ ಖರ್ಚು ಉಳಿಯಿತು, ಗಿರಾಕಿಗೆ ಕರೆ ಅಗ್ಗವಾಯಿತು. ಆದರೆ ಹೊಸ ಇಂಜಿನಿಯರಿಗೆ ‘ನನ್ನ ಮಾಲೀಕ ಯಾರು’ ಎಂಬ ಪ್ರಶ್ನೆ ಅಲ್ಲಿಂದ ಶುರುವಾಯಿತು.

ಇದೇ ಹೊತ್ತಿಗೆ ಓದುವವರು ಹೆಚ್ಚಾದರು. 2007ರಲ್ಲಿ ಹೂವಿನಹಡಗಲಿಗೇ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಬಂತು. ಮಲ್ಲಿಗೆ ಊರಿನಲ್ಲಿ ಇಂಜಿನಿಯರಿಂಗ್! ಹಾಸ್ಟೆಲ್ ಖರ್ಚಿಲ್ಲದೆ ಮನೆಯ ಊಟ ಉಂಡು ಓದುವ ದಾರಿ ಆಯಿತು. ಹೆಣ್ಣುಮಕ್ಕಳಿಗೆ ಇದು ದೊಡ್ಡ ಅನುಕೂಲ.

ಆದರೆ ಅವರು ಓದಿ ಹೊರಬರುವ ಹೊತ್ತಿಗೆ ಟೆಲಿಕಾಂನಲ್ಲಿ ಏಟಿನ ಮೇಲೆ ಏಟು. 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್ 122 ಟೂ-ಜಿ ಲೈಸೆನ್ಸು ರದ್ದು ಮಾಡಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ ದರ ಕುಸಿಯಿತು. ಏರ್‌ಸೆಲ್ ಮುಚ್ಚಿತು, 2018ರಲ್ಲಿ ವೊಡಾಫೋನ್, ಐಡಿಯಾ ಒಂದಾದವು. ಎರಡು ಕಂಪನಿ ಒಂದಾದರೆ ಒಂದೇ ಊರಿಗೆ ಎರಡು ತಂಡ ಬೇಕಿಲ್ಲ. ಬಿಎಸ್‌ಎನ್‌ಎಲ್‌ನಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದು, 2020ರ ಜನವರಿ 31ರಂದು 78 ಸಾವಿರಕ್ಕೂ ಹೆಚ್ಚು ನೌಕರರು ಒಂದೇ ದಿನ ಹೊರಬಂದರು. ಸುಮಾರು ಅರ್ಧ ಮನೆ ಖಾಲಿ.

ಕೆಲವರು 371(ಜೆ) ಇದೆಯಲ್ಲ ಎನ್ನುತ್ತಾರೆ. ಅದು ರಾಜ್ಯ ಸರ್ಕಾರದ ಹುದ್ದೆ ಮತ್ತು ಕಾಲೇಜು ಸೀಟಿಗೆ. ಬಿಎಸ್‌ಎನ್‌ಎಲ್ ಕೇಂದ್ರದ್ದು, ಉಳಿದವು ಖಾಸಗಿ. ಅಲ್ಲಿ ಆ ಸರ್ಟಿಫಿಕೇಟು ನಡೆಯುವುದಿಲ್ಲ.

ಈಗಿನ ಮೊದಲ ಕೆಲಸ

ಹಾಗಾದರೆ ಕೆಲಸವೇ ಇಲ್ಲವೇ? ಇದೆ. ಕಾರಿನಲ್ಲಿ ಫೋನು, ಲ್ಯಾಪ್‌ಟಾಪ್ ಇಟ್ಟುಕೊಂಡು ಊರೂರು ಸುತ್ತಿ ಸಿಗ್ನಲ್ ಅಳೆಯುವ ಡ್ರೈವ್ ಟೆಸ್ಟ್. ತುಂಡಾದ ಫೈಬರ್ ಎಲ್ಲಿ ತುಂಡಾಗಿದೆ ಎಂದು ಒಟಿಡಿಆರ್ ಯಂತ್ರದಲ್ಲಿ ನೋಡಿ ಬೆಸೆಯುವ ಕೆಲಸ. ಟವರಿನ ಬ್ಯಾಟರಿ, ಜನರೇಟರ್ ನೋಡುವ ಕೆಲಸ. ಪರದೆ ಮುಂದೆ ರಾತ್ರಿ ಪಾಳಿ ಕೂತು ಯಾವ ಸೈಟು ಕೆಟ್ಟಿದೆ ಎಂದು ಕಾಯುವ ಕೆಲಸ. 2011ರಲ್ಲಿ ಒಪ್ಪಿಗೆ ಸಿಕ್ಕು ಈಗ ಭಾರತ್‌ನೆಟ್ ಎನ್ನಿಸಿಕೊಂಡಿರುವ ಯೋಜನೆಯಿಂದ ಗ್ರಾಮ ಪಂಚಾಯ್ತಿಗಳವರೆಗೆ ಫೈಬರ್ ಬಂದಿದೆ. ಜೆಸಿಬಿ ಓಡಾಡುವ ಕಡೆಯೆಲ್ಲ ಅದು ತುಂಡಾಗುತ್ತಲೇ ಇರುತ್ತದೆ.

ನಮ್ಮ ಗೆಳೆಯನೊಬ್ಬ ಬೆಂಗಳೂರಿಗೆ ಹೋಗಿ ಡ್ರೈವ್ ಟೆಸ್ಟ್ ಕೋರ್ಸಿಗೆ ದುಡ್ಡು ಕಟ್ಟಿದ. ಮನೆಯಲ್ಲಿದ್ದ ಒಂದು ಎಮ್ಮೆ ಮಾರಿದ ದುಡ್ಡು ಅದು. ಕೆಲಸ ಸಿಕ್ಕಿತು. ಎಂಟು ತಿಂಗಳು ಮೂರು ಜಿಲ್ಲೆ ಸುತ್ತಿದ. ಕೊನೆಯ ಎರಡು ತಿಂಗಳ ಸಂಬಳ ಕೇಳಿದರೆ ಗುತ್ತಿಗೆದಾರ ಮೇಲಿನವರ ಕಡೆ ಕೈ ತೋರಿಸಿದ, ಮೇಲಿನವರು ‘ನೀವು ನಮ್ಮ ನೌಕರರಲ್ಲ’ ಎಂದರು. ಅವನ ಹತ್ತಿರ ಇದ್ದದ್ದು ಕೊರಳಿಗೆ ಹಾಕುವ ಐಡಿ ಕಾರ್ಡು ಮಾತ್ರ. ನೇಮಕಾತಿ ಪತ್ರ ಇರಲಿಲ್ಲ. ಅವನು ದಡ್ಡನಲ್ಲ, ನಮ್ಮೆಲ್ಲರಿಗಿಂತ ಚೆನ್ನಾಗಿ ಓದಿದವನು. ಕಾರ್ಡಿನ ಮೇಲೆ ದೊಡ್ಡ ಹೆಸರಿತ್ತು, ನಂಬಿದ.

ಇತಿಹಾಸ ಉಪಯೋಗಕ್ಕೆ ಬರುವುದು ಇಲ್ಲೇ. ಮೊದಲು ಮಾಲೀಕನೇ ಕಲಿಸುತ್ತಿದ್ದ, ಕಲಿಯುವವನಿಗೆ ದುಡ್ಡು ಕೊಡುತ್ತಿದ್ದ. ಈಗ ಕಲಿಯುವವನೇ ದುಡ್ಡು ಕೊಡುತ್ತಾನೆ. ಕಲಿಸುವ ಖರ್ಚು ಇಲಾಖೆಯ ಲೆಕ್ಕದಿಂದ ರೈತನ ಲೆಕ್ಕಕ್ಕೆ ಬಂದಿದೆ. ಆ ಕಾರಣಕ್ಕೇ ‘ಮೊದಲು ರೊಕ್ಕ ಕಟ್ಟಿ’ ಎಂಬ ಮೋಸದ ಮೆಸೇಜು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

ಆದ್ದರಿಂದ ಫೋನು ಮಾಡುವವರಿಗೆ ನಾವು ಹೇಳುವುದು ಇಷ್ಟು. ಕೆಲಸ ಕೊಡಲು ದುಡ್ಡು ಕೇಳಿದರೆ ಅದು ಕೆಲಸವಲ್ಲ, ವ್ಯಾಪಾರ. ಸಂಬಳದ ಚೀಟಿ ಯಾರ ಹೆಸರಿನಲ್ಲಿ ಬರುತ್ತದೆ ಎಂದು ಮೊದಲು ಕೇಳಿ. ನೇಮಕಾತಿ ಪತ್ರ, ಪಿಎಫ್ ನಂಬರ್ ಕೇಳಿ. ಟವರ್ ಹತ್ತುವುದಿದ್ದರೆ ಬೆಲ್ಟು, ಹೆಲ್ಮೆಟ್ಟು, ವಿಮೆ ಯಾರದು ಎಂದು ಕೇಳಿ. ಅಪ್ರೆಂಟಿಸ್ ಕಾಯ್ದೆ 1961ರದು, 1973ರಲ್ಲಿ ಅದಕ್ಕೆ ಇಂಜಿನಿಯರಿಂಗ್ ಪದವೀಧರರನ್ನೂ ಸೇರಿಸಿದರು. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಸ್ಟೈಪೆಂಡ್ ಗೊತ್ತು ಮಾಡಿದ್ದರು. ಮೊತ್ತ ದೊಡ್ಡದಲ್ಲ. ಆದರೆ ಕೈಯಿಂದ ಕೊಟ್ಟು ಕಲಿಯುವುದಕ್ಕಿಂತ ಪಡೆದು ಕಲಿಯುವುದು ಮೇಲು, ಕೊನೆಗೆ ಸರ್ಕಾರದ ಸರ್ಟಿಫಿಕೇಟೂ ಸಿಗುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಬಿಎಸ್‌ಎನ್‌ಎಲ್ ದೇಶದಲ್ಲೇ ತಯಾರಾದ 4ಜಿ ಶುರು ಮಾಡಿತು. ಅದರ ಒಳಗಿನ ಮುಖ್ಯ ಭಾಗ ಮಾಡಿದ್ದು ಅದೇ ಸಿ-ಡಾಟ್. ರೇಡಿಯೊ ಮಾಡಿದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ನಲವತ್ತು ವರ್ಷದ ಹಿಂದೆ ಕಿತ್ತೂರಿಗೆ ಎಕ್ಸ್‌ಚೇಂಜ್ ತಂದದ್ದು ಅನುಭವವಿಲ್ಲದ ಹೊಸ ಹುಡುಗರ ಕೈ. ಅವರಿಗೆ ಯಾರೋ ಸಂಬಳ ಕೊಟ್ಟು ಕಲಿಸಿದ್ದರು. ಹಡಗಲಿಯಲ್ಲಿ ಓದಿದವರ ಕೈಗೂ ಅಷ್ಟೇ ಬಲ ಇದೆ. ಕೇಳಬೇಕಾದ್ದು ದಯೆಯನ್ನಲ್ಲ, ಒಂದು ನೇಮಕಾತಿ ಪತ್ರವನ್ನು.

ನಿಮ್ಮ ಮನೆಯಲ್ಲಿ ಹಳೇ ಲೈನ್‌ಮನ್, ಆಪರೇಟರ್, ಜೆಟಿಒ ಇದ್ದರೆ ಅವರನ್ನು ಕೂರಿಸಿ ಮಾತಾಡಿಸಿ. ಮೊದಲ ಸಂಬಳ ಎಷ್ಟು, ತರಬೇತಿಗೆ ಯಾರು ಕಳಿಸಿದರು ಎಂದು ಕೇಳಿ. ಆಮೇಲೆ ಮಗನಿಗೆ ಬಂದ ಮೆಸೇಜನ್ನು ಅವರಿಗೇ ಓದಿ ಹೇಳಿ. ಕಟ್ಟಬೇಕೋ ಬೇಡವೋ ಎಂದು ನಮಗಿಂತ ಮೊದಲು ಅವರೇ ಹೇಳುತ್ತಾರೆ.